ಪ್ರೇಮಕಾದಂಬರಿಗೆ ಬಹುಮಾನ: ಇನ್ನೊಂದು ವಿಭಾಗ ಸೇರಿಸಿದರೆ ಸಾಕೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ನಮ್ಮ ಓದುಗರ ಬಳಗ ಮುಂದಿನ ವರ್ಷದಿಂದ ಕನ್ನಡದ ಪ್ರೇಮಕಾದಂಬರಿಗಳಿಗೆ ಬಹುಮಾನ ಕೊಡಬೇಕೆಂದಿದೆ. ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ ಎಳೆಯಿರುವುದು, ಕಿರುಕಾದಂಬರಿ ಹೀಗೆ ಆರು ವಿಭಾಗಗಳು. ದಲಿತರು, ಲೈಂಗಿಕ ಅಲ್ಪಸಂಖ್ಯಾತರು, ಅಂಗವಿಕಲರು ನಾಯಕ ನಾಯಕಿಯರಾಗಿರುವ ಕತೆಗಳಿಗೆ ಏಳನೆಯ ವಿಭಾಗ. ಇಷ್ಟಾದರೆ ಎಲ್ಲರನ್ನೂ ಒಳಗೊಂಡಂತಾಯಿತಲ್ಲವೇ? ಅಮೆರಿಕದ ರೀಟಾ ಪ್ರಶಸ್ತಿ ಯಾಕೆ ನಿಂತುಹೋಯಿತೆಂದೂ ತಿಳಿಸಿ."

ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಮೊದಲನೆಯದಕ್ಕೂ ಉತ್ತರ ಅಲ್ಲೇ ಇದೆ.

ರೀಟಾ ಕೊಡುತ್ತಿದ್ದದ್ದು ಪ್ರೇಮಕಾದಂಬರಿಕಾರರ ಸಂಘವಾದ ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ. ಅದು 1980ರಲ್ಲಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದವರು ವಿವಿಯನ್ ಸ್ಟೀಫನ್ಸ್ ಎಂಬ ಕಪ್ಪು ಸಂಪಾದಕಿ. ಸಂಘದ ಪ್ರಶಸ್ತಿಗೆ ಮಾತ್ರ 1990ರಿಂದ ಮೊದಲ ಅಧ್ಯಕ್ಷೆ ರೀಟಾ ಕ್ಲೇ ಎಸ್ಟ್ರಾಡಾ ಅವರ ಹೆಸರು ಬಂತು. ವಿಭಾಗಗಳಿಗೇನೂ ಬರವಿರಲಿಲ್ಲ. ಸಮಕಾಲೀನ ಪ್ರೇಮಕತೆಯೊಂದನ್ನೇ ಪುಟ್ಟದು, ಮಧ್ಯಮ, ದೊಡ್ಡದು ಎಂದು ಮೂರು ಭಾಗ ಮಾಡಿದ್ದರು. ಅದಲ್ಲದೆ ಐತಿಹಾಸಿಕ, ಅತಿಮಾನುಷ, ರೋಚಕ, ಧಾರ್ಮಿಕ, ಹದಿಹರೆಯದವರದ್ದು, ಚೊಚ್ಚಲ ಕೃತಿ ಎಂದೆಲ್ಲ ಪಟ್ಟಿ ಬೆಳೆದಿತ್ತು. ಆದರೂ 2018ರಲ್ಲಿ ಸಂಘವೇ ಲೆಕ್ಕ ತೆಗೆದು ನೋಡಿದಾಗ, ಹಿಂದಿನ ವರ್ಷಗಳಲ್ಲಿ ಅಂತಿಮ ಸುತ್ತಿಗೆ ಬಂದ ಪುಸ್ತಕಗಳಲ್ಲಿ ಕಪ್ಪು ಲೇಖಕರವು ಶೇಕಡಾ 0.5ಕ್ಕಿಂತ ಕಡಿಮೆ ಇದ್ದವು. ಗೆದ್ದವರಂತೂ ಒಬ್ಬರೂ ಇರಲಿಲ್ಲ. ಕಪ್ಪು ಲೇಖಕಿಯರಾದ ಕೆನಡಿ ರಯಾನ್ ಮತ್ತು ಎಂ. ಮಲೋನ್ ಗೆದ್ದದ್ದು 2019ರಲ್ಲಿ. ಅದೇ ವರ್ಷದ ಕೊನೆಗೆ, ವರ್ಣಭೇದದ ಟೀಕೆ ಮಾಡಿದ ಲೇಖಕಿ ಕೋರ್ಟ್ನಿ ಮಿಲನ್ ಅವರ ಮೇಲೆಯೇ ಸಂಘ ಶಿಸ್ತುಕ್ರಮಕ್ಕೆ ಹೊರಟಿತು. ಗಲಾಟೆಯೆದ್ದಿತು, 2020ರ ರೀಟಾ ರದ್ದಾಯಿತು, ಆಮೇಲೆ ಹೆಸರೂ ಹೋಯಿತು.

ಎಡವಿದ್ದು ಎಲ್ಲಿ? ನಮ್ಮ ಪ್ರಕಾರ, ಅಂಕ ಹಾಕುವ ಪದ್ಧತಿಯಲ್ಲಿ. ಮೊದಲ ಸುತ್ತಿನಲ್ಲಿ ಓದುತ್ತಿದ್ದವರು ಸಹಲೇಖಕರು. ತಮ್ಮ ತಮ್ಮ ಮನೆಯಲ್ಲಿ ಕೂತು ಓದಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. "ಈ ನಾಯಕಿಯ ಕಷ್ಟ ನನಗೆ ಮನಸ್ಸಿಗೆ ತಾಗಲಿಲ್ಲ" ಎಂದು 2 ಹಾಕಿದವರನ್ನು ಯಾಕೆಂದು ಯಾರು ಕೇಳಬೇಕು?

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಒಂದು ಪುಸ್ತಕಕ್ಕೆ ಐವರ ಅಂಕ 9, 9, 9, 9, 2. ಸರಾಸರಿ 7.6. ಇನ್ನೊಂದಕ್ಕೆ ಐವರೂ 8 ಹಾಕಿದ್ದಾರೆ. ನಾಲ್ವರು ಮೆಚ್ಚಿ ಕುಣಿದ ಪುಸ್ತಕ ಹೊರಗೆ, ಯಾರಿಗೂ ಬೇಸರ ತರದ ಪುಸ್ತಕ ಒಳಗೆ. ಅತಿ ಹೆಚ್ಚು, ಅತಿ ಕಡಿಮೆ ಅಂಕಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 9 ಸಿಗುತ್ತದೆ. ಆದರೆ ಮುಖ ಸಿಂಡರಿಸುವವರು ಇಬ್ಬರಾದರೆ, ಅಂದರೆ 9, 9, 9, 2, 2 ಆದರೆ, ಈ ಉಪಾಯವೂ 6.67ಕ್ಕೆ ನಿಲ್ಲುತ್ತದೆ. ಆಗ ಸರಾಸರಿ ಬಿಟ್ಟು, ಸಾಲಾಗಿ ಜೋಡಿಸಿ ನಡುವಿನ ಅಂಕ ಹಿಡಿಯಿರಿ: 9. ಮೂವರು ಹಾಗಿದ್ದರೆ ಯಾವ ಗಣಿತವೂ ಕಾಯುವುದಿಲ್ಲ, ಓದುಗರನ್ನೇ ಬದಲಿಸಬೇಕು. ನಡುವಿನ ಅಂಕದಲ್ಲಿ ಸಮಸಮ ಬರುವುದು ಜಾಸ್ತಿ. ಅಂಥವನ್ನು ಎರಡನೆಯ ಸುತ್ತಿನಲ್ಲಿ ಒಟ್ಟಿಗೆ ಕೂತು ಚರ್ಚಿಸಿಯೇ ತೀರ್ಮಾನಿಸಿ.

ಇನ್ನು ನಿಮ್ಮ ಏಳನೆಯ ವಿಭಾಗ. ದಯವಿಟ್ಟು ಕೈಬಿಡಿ. ಅಂಗವಿಕಲ ನಾಯಕನಿರುವ ಐತಿಹಾಸಿಕ ಕಾದಂಬರಿ ಐತಿಹಾಸಿಕ ವಿಭಾಗದಲ್ಲೇ ಸ್ಪರ್ಧಿಸಲಿ. ಪ್ರತ್ಯೇಕ ಪಂಕ್ತಿ ಹಾಕಿದರೆ ಉಳಿದ ಆರು ವಿಭಾಗದ ತೀರ್ಪುಗಾರರಿಗೆ "ಅದಕ್ಕೆ ಬೇರೆ ಜಾಗ ಇದೆಯಲ್ಲ" ಎಂಬ ನೆಪ ಸಿಗುತ್ತದೆ. ಅಮೆರಿಕದ್ದೇ ಆದ ಲ್ಯಾಂಬ್ಡಾ ಪ್ರಶಸ್ತಿಯ ಮಾತು ಬೇರೆ. 1989ರಿಂದ ನಡೆಯುತ್ತಿರುವ ಅದು ಇಡಿಯಾಗಿ ಲೈಂಗಿಕ ಅಲ್ಪಸಂಖ್ಯಾತರ ಸಾಹಿತ್ಯಕ್ಕೇ ಮೀಸಲು, ಪ್ರೇಮಕಾದಂಬರಿಯೂ ಅದರ ಒಂದು ವಿಭಾಗ. ಅವರಿಗೂ ಒಂದು ತೊಡಕು ಬಂತು. ಲೇಖಕರೂ ಆ ಸಮುದಾಯದವರೇ ಆಗಿರಬೇಕೆಂದು 2009ರಲ್ಲಿ ನಿಯಮ ತಂದರು, 2011ರಲ್ಲಿ ಬಹುಪಾಲು ವಿಭಾಗಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಕಾವ್ಯನಾಮದಲ್ಲಿ ಬರೆಯುವವರು, ಮನೆಯಲ್ಲಿ ಇನ್ನೂ ಹೇಳಿಕೊಳ್ಳದವರು ಕನ್ನಡದಲ್ಲೂ ಇದ್ದಾರೆ. ಅರ್ಜಿಯಲ್ಲಿ ಜಾತಿ, ಲೈಂಗಿಕತೆಯ ಕಾಲಂ ಇಡಬೇಡಿ. ಆ ವೈವಿಧ್ಯ ಇರಬೇಕಾದದ್ದು ಓದುಗರ ತಂಡದಲ್ಲಿ.

ತಂಡ ಸರಿಯಿದ್ದರೂ ಜಾರಬಹುದು. ರೀಟಾದ ಜಾಗಕ್ಕೆ ಬಂದ ಪ್ರಶಸ್ತಿಗೆ ಕೊನೆಗೂ ವಿವಿಯನ್ ಅವರ ಹೆಸರಿಟ್ಟರು. ತೀರ್ಪುಗಾರರಿಗೆ ತರಬೇತಿ ಕೊಟ್ಟರು, ಅಂಕಕ್ಕೆ ಮಾನದಂಡ ಬರೆದರು. 2021ರ ಮೊದಲ ಸಲವೇ ಧಾರ್ಮಿಕ ವಿಭಾಗದಲ್ಲಿ ಗೆದ್ದ ಕಾದಂಬರಿಯ ನಾಯಕ, 1890ರಲ್ಲಿ ವೂಂಡೆಡ್ ನೀ ಎಂಬಲ್ಲಿ ನಡೆದ, ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರ ಹತ್ಯಾಕಾಂಡದಲ್ಲಿ ಪಾಲ್ಗೊಂಡ ಸೈನ್ಯಾಧಿಕಾರಿ! ಘೋಷಣೆಯಾದ ಕೆಲವೇ ದಿನಗಳಲ್ಲಿ ಪ್ರಶಸ್ತಿ ವಾಪಸಾಯಿತು. ಭಾಷೆಗೆ ಇಷ್ಟು, ಪಾತ್ರಕ್ಕೆ ಇಷ್ಟು ಎಂಬ ಪಟ್ಟಿಯಲ್ಲಿ "ಈ ಪ್ರೇಮ ಯಾರ ಹೆಣದ ಮೇಲೆ ನಿಂತಿದೆ" ಎಂದು ಕೇಳುವ ಕಾಲಂ ಇರುವುದಿಲ್ಲ. ಆದ್ದರಿಂದ ಅಂತಿಮ ಪಟ್ಟಿಯ ಪುಸ್ತಕಗಳನ್ನು, ಫಲಿತಾಂಶಕ್ಕೆ ತಿಂಗಳ ಮೊದಲೇ, ಆ ಕತೆಯ ಸಮುದಾಯದಿಂದ ಬಂದ ಒಬ್ಬರಿಗಾದರೂ ಓದಲು ಕೊಡಿ. ಅವರು ಅಂಕ ಹಾಕುವುದು ಬೇಡ, ಒಂದು ಪುಟದ ಟಿಪ್ಪಣಿ ಬರೆದರೆ ಸಾಕು. ಗೌರವಧನ ತಪ್ಪಿಸಬೇಡಿ.

ಅಂಕಪಟ್ಟಿಯಲ್ಲಿ ಮೊದಲು ಎರಡು ಹೌದು-ಇಲ್ಲ ಪ್ರಶ್ನೆಗಳಿರಲಿ. ಪ್ರೇಮವೇ ಕತೆಯ ನಡುಗಂಬವೇ? ಕೊನೆ ಭರವಸೆ ಕೊಡುತ್ತದೆಯೇ? ಇವು ಅಮೆರಿಕದ ಆ ಸಂಘದ ವ್ಯಾಖ್ಯೆಯಿಂದಲೇ ಬಂದವು. ನಮ್ಮಲ್ಲಿ ಎರಡನೆಯದು ಜಗಳ ಹುಟ್ಟಿಸುತ್ತದೆ. ಅಂತರ್ಜಾತಿ ಪ್ರೇಮವೆಂದರೆ ಕೊನೆಗೆ ಯಾರಾದರೂ ಸಾಯಲೇಬೇಕು ಎಂದುಕೊಂಡ ಬರಹಗಾರರು ಎಷ್ಟೋ ಮಂದಿ. ದುರಂತಕ್ಕೂ ಜಾಗ ಬೇಕೆಂದರೆ ಪ್ರಕಟಣೆಯಲ್ಲೇ ತಿಳಿಸಿ, ನಡುವೆ ನಿಯಮ ಬದಲಿಸಬೇಡಿ.

ಕೊನೆಯದಾಗಿ ಕೆಲಸದ ಲೆಕ್ಕ. 40 ಪುಸ್ತಕ ಬಂದರೆ, ತಲಾ ಐವರಂತೆ 200 ಓದು. ಒಬ್ಬರಿಗೆ ಎಂಟು ಪುಸ್ತಕ ಕೊಟ್ಟರೆ 25 ಓದುಗರು ಬೇಕು. ಎಂಟಕ್ಕಿಂತ ಕಡಿಮೆ ಕೊಟ್ಟರೆ ಯಾರ ಕೈ ಬಿಗಿ, ಯಾರದು ಧಾರಾಳ ಎಂಬುದು ಗೊತ್ತಾಗುವುದಿಲ್ಲ. ಮೂರು ತಿಂಗಳು ಬಿಡಿ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದವರಿಂದ ಐದು ಪ್ರತಿ ಕೇಳಿದರೆ ಅವರು ಅಲ್ಲಿಗೇ ಹಿಂದೆ ಸರಿಯುತ್ತಾರೆ, ಎರಡು ಪ್ರತಿ ತರಿಸಿಕೊಂಡು ಕೈಯಿಂದ ಕೈಗೆ ದಾಟಿಸಿ. ಒಂದು ವಿಭಾಗಕ್ಕೆ ಐದು ಪುಸ್ತಕವೂ ಬಾರದಿದ್ದರೆ ಆ ವರ್ಷ ಅದನ್ನು ಪಕ್ಕದ ವಿಭಾಗಕ್ಕೆ ಸೇರಿಸುತ್ತೇವೆಂದು ಮೊದಲೇ ಅಚ್ಚು ಮಾಡಿ. 25 ಓದುಗರು ಸಿಗದಿದ್ದರೆ ವಿಭಾಗಗಳನ್ನು ಮೂರಕ್ಕಿಳಿಸಿ, ಪ್ರವೇಶಕ್ಕೆ ಮಿತಿ ಹಾಕಿ. ಆದರೆ ಪುಸ್ತಕಕ್ಕೆ ಐವರು ಓದುಗರೆಂಬುದನ್ನು ಮೂವರಿಗೆ ಇಳಿಸಬೇಡಿ.

— ಸಂ.