ಯೆವ್ಗೆನಿ ಪ್ರಿಮಾಕೋವ್ ರಷ್ಯಾದ ಅಧ್ಯಕ್ಷರೇಕೆ ಆಗಲಿಲ್ಲ?

ಅಟ್ಲಾಂಟಿಕ್ ಸಾಗರದ ಮೇಲೆ ವಿಮಾನವನ್ನು ಹಿಂದಕ್ಕೆ ತಿರುಗಿಸಿದವರು ಎಂಬುದನ್ನು ಬಿಟ್ಟರೆ ಪ್ರಿಮಾಕೋವ್ ಬಗ್ಗೆ ಏನೂ ಗೊತ್ತಿಲ್ಲ, ಅಷ್ಟು ಜನಪ್ರಿಯರಾಗಿದ್ದವರು ಅಧ್ಯಕ್ಷರೇಕೆ ಆಗಲಿಲ್ಲ ಎಂದು ಕೇಳಿದ್ದೀರಿ. ಕಾಲೇಜಿನಲ್ಲಿ ಅಂತರರಾಷ್ಟ್ರೀಯ ರಾಜಕೀಯ ಪಾಠ ಮಾಡುವ ನನಗೆ ಆ ವಿಮಾನದ ಕಥೆ ಕೇಳಿ ಕೇಳಿ ಸಾಕಾಗಿದೆ. 1998-99ರಲ್ಲಿ ರಷ್ಯಾದ ಪ್ರಧಾನಿಯಾಗಿದ್ದ ಅವರ ವೃತ್ತಿಜೀವನದ ಗುಟ್ಟು ಬೇರೆಲ್ಲೋ ಇದೆ. ಯಾರ ಕುರ್ಚಿಗೂ ಕಣ್ಣು ಹಾಕದವರು ಎಂಬ ನಂಬಿಕೆಯಿಂದ ಅವರು ಮೇಲೇರಿದರು. ಆ ನಂಬಿಕೆ ಕಳಚಿದ ದಿನ ಹೊರಬಿದ್ದರು.

ಪ್ರಿಮಾಕೋವ್ ಹುಟ್ಟಿದ್ದು 1929ರಲ್ಲಿ ಕೀವ್‌ನಲ್ಲಿ, ಬೆಳೆದದ್ದು ಜಾರ್ಜಿಯಾದ ಟಿಬಿಲಿಸಿಯಲ್ಲಿ. ಮಾಸ್ಕೋದಲ್ಲಿ ಅರಬ್ಬಿ ಭಾಷೆ ಮತ್ತು ಅರಬ್ ದೇಶಗಳ ಅಧ್ಯಯನ ಮಾಡಿ, ರೇಡಿಯೊದಲ್ಲಿ ಕೆಲಸ ಮಾಡಿ, ಆಮೇಲೆ ಕಮ್ಯುನಿಸ್ಟ್ ಪಕ್ಷದ ಮುಖವಾಣಿ 'ಪ್ರಾವ್ದಾ' ಪತ್ರಿಕೆ ಸೇರಿದರು. ಅರವತ್ತರ ದಶಕದಲ್ಲಿ ಕೈರೋದಲ್ಲಿದ್ದು ವರದಿಗಾರಿಕೆ ಮಾಡಿದರು. ವರದಿಗಾರಿಕೆ ಎಂದರೆ ಬರೀ ಸುದ್ದಿ ಕಳುಹಿಸುವುದಲ್ಲ. ಇರಾಕಿನ ಬೆಟ್ಟಗಳಲ್ಲಿ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕುರ್ದ್ ನಾಯಕ ಮುಸ್ತಫಾ ಬರ್ಜಾನಿಯನ್ನು ಹುಡುಕಿಕೊಂಡು ಹೋಗಿ, ಮಾಸ್ಕೋದ ಪರವಾಗಿ ಮಾತನಾಡಿಸಿ ಬರುವುದೂ ಆ ಕೆಲಸದೊಳಗೇ ಸೇರಿತ್ತು. ಸದ್ದಾಂ ಹುಸೇನ್ ಪರಿಚಯವಾದದ್ದೂ ಆ ಕಾಲದಲ್ಲೇ. ಮಾಸ್ಕೋಗೆ ಮರಳಿದ ಮೇಲೆ ಸುಮಾರು ಎರಡು ದಶಕ ಸಂಶೋಧನಾ ಸಂಸ್ಥೆಗಳಲ್ಲಿ ಕಳೆದರು. ಪೌರಸ್ತ್ಯ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದವರು 1985ರಲ್ಲಿ ವಿಶ್ವ ಅರ್ಥವ್ಯವಸ್ಥೆ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಸಂಸ್ಥೆಯ ಚುಕ್ಕಾಣಿ ಹಿಡಿದರು.

ಅಲ್ಲಿಂದ ಅವರನ್ನು ರಾಜಕೀಯಕ್ಕೆ ಎಳೆದು ತಂದವರು ಸೋವಿಯತ್ ನಾಯಕ ಗೋರ್ಬಚೇವ್. ಇರಾಕ್ ಕುವೈತನ್ನು ಆಕ್ರಮಿಸಿದ ಬಿಕ್ಕಟ್ಟಿನಲ್ಲಿ ಅವರ ದೂತರಾಗಿ ಪ್ರಿಮಾಕೋವ್ ಬಾಗ್ದಾದಿಗೆ ಹೋದರು, ಯುದ್ಧ ನಿಲ್ಲಲಿಲ್ಲ. ಗೋರ್ಬಚೇವ್ ಅವರನ್ನು ಇಳಿಸಲು 1991ರ ಆಗಸ್ಟ್‌ನಲ್ಲಿ ನಡೆದ ದಂಗೆ ವಿಫಲವಾದ ಮೇಲೆ ವಿದೇಶಿ ಗುಪ್ತಚರ ವಿಭಾಗದ ಹೊಣೆ ಸಿಕ್ಕಿತು. ಸೋವಿಯತ್ ಒಕ್ಕೂಟವೇ ಮುಳುಗಿ ಗೋರ್ಬಚೇವ್ ಮನೆಗೆ ಹೋದರೂ ಅವರ ಆಪ್ತರಾಗಿದ್ದ ಇವರನ್ನು ರಷ್ಯಾದ ಅಧ್ಯಕ್ಷ ಯೆಲ್ಟ್‌ಸಿನ್ ಅದೇ ಹುದ್ದೆಯಲ್ಲಿ ಉಳಿಸಿಕೊಂಡರು. ಇಂಥ ಭಾಗ್ಯ ಬಹಳ ಜನರಿಗೆ ಸಿಗಲಿಲ್ಲ.

1996ರ ಜನವರಿಯಲ್ಲಿ ಪಶ್ಚಿಮದ ಪರ ಎಂಬ ಹಣೆಪಟ್ಟಿ ಹೊತ್ತಿದ್ದ ಕೋಜಿರೆವ್ ಜಾಗಕ್ಕೆ ಪ್ರಿಮಾಕೋವ್ ವಿದೇಶಾಂಗ ಸಚಿವರಾಗಿ ಬಂದರು. ಮರುವರ್ಷದ ಮಾರ್ಚ್‌ನಲ್ಲಿ ನಮ್ಮ ದೇವೇಗೌಡರು ಪ್ರಧಾನಿಯಾಗಿ ಮಾಸ್ಕೋಗೆ ಹೋದಾಗ ಅಲ್ಲಿನ ವಿದೇಶಾಂಗ ಸಚಿವರು ಇವರೇ. ಇವರ ನೇಮಕ ಕಂಡು ಪಶ್ಚಿಮ ದೇಶಗಳು ಹುಬ್ಬುಗಂಟಿಕ್ಕಿದವು. ಆದರೆ ಅಮೆರಿಕ ನೇತೃತ್ವದ ಸೇನಾ ಕೂಟ ನ್ಯಾಟೊದ ವಿಸ್ತರಣೆಯನ್ನು ಕಟುವಾಗಿ ವಿರೋಧಿಸುತ್ತಲೇ, 1997ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಸಹಿ ಬಿದ್ದ ನ್ಯಾಟೊ-ರಷ್ಯಾ ಒಪ್ಪಂದವನ್ನು ಚೌಕಾಸಿ ಮಾಡಿ ಕುದುರಿಸಿದವರೂ ಇವರೇ. 1998ರಲ್ಲಿ ಮನಿಲಾದ ಆಸಿಯಾನ್ ಸಭೆಯ ಔತಣಕೂಟದಲ್ಲಿ ಅಮೆರಿಕದ ವಿದೇಶಾಂಗ ಸಚಿವೆ ಮೆಡಲಿನ್ ಆಲ್ಬ್ರೈಟ್ ಜೊತೆ ವೇದಿಕೆ ಹತ್ತಿ ಅಣಕು ಹಾಡನ್ನೂ ಹಾಡಿದರು. ಗುಪ್ತಚರ ಸಂಸ್ಥೆಯ ಮಾಜಿ ಮುಖ್ಯಸ್ಥರಿಂದ ಅಷ್ಟನ್ನು ಯಾರೂ ನಿರೀಕ್ಷಿಸಿರಲಿಲ್ಲ.

1998ರ ಆಗಸ್ಟ್ 17ರಂದು ರಷ್ಯಾ ಸಾಲ ತೀರಿಸಲಾಗದೆ ಕೈಚೆಲ್ಲಿತು. ಡಾಲರಿಗೆ ಆರು ರೂಬಲ್ ಇದ್ದದ್ದು ವರ್ಷಾಂತ್ಯಕ್ಕೆ ಇಪ್ಪತ್ತು ದಾಟಿತು. ಯೆಲ್ಟ್‌ಸಿನ್ ಪ್ರಧಾನಿ ಹುದ್ದೆಗೆ ಸೂಚಿಸಿದ ಚೆರ್ನೊಮಿರ್ದಿನ್ ಅವರನ್ನು ಸಂಸತ್ತಿನ ಕೆಳಮನೆ ಡ್ಯೂಮಾ ಎರಡು ಸಲ ತಿರಸ್ಕರಿಸಿತು. ಆಗ ಉದಾರವಾದಿ ಯಾವ್ಲಿನ್‌ಸ್ಕಿ ಪ್ರಿಮಾಕೋವ್ ಹೆಸರು ಎತ್ತಿದರು. ಮೊದಲು ಬೇಡವೆಂದ ಪ್ರಿಮಾಕೋವ್ ಕೊನೆಗೆ ಒಪ್ಪಿದರು. ಸೆಪ್ಟೆಂಬರ್ 11ರಂದು 317 ಮತ ಬಿದ್ದು ಪ್ರಧಾನಿಯಾದರು. ಕಮ್ಯುನಿಸ್ಟರಿಗೂ ಉದಾರವಾದಿಗಳಿಗೂ ಒಟ್ಟಿಗೆ ಸೈ ಎನಿಸಿಕೊಂಡದ್ದು ಅವರ ಬುದ್ಧಿವಂತಿಕೆಗಿಂತ ಹೆಚ್ಚಾಗಿ, ಸ್ವಂತ ಪಕ್ಷವೇ ಇಲ್ಲದ ಹಿರಿಯ ಎಂಬ ಕಾರಣಕ್ಕೆ.

ಅವರ ನಿಜವಾದ ಸಾಧನೆ ನಂತರದ ಎಂಟು ತಿಂಗಳು ಎನ್ನುತ್ತೇನೆ. ಕಮ್ಯುನಿಸ್ಟ್ ಮಸ್ಲ್ಯುಕೋವ್ ಉಪಪ್ರಧಾನಿಯಾದಾಗ, ಇನ್ನು ನೋಟು ಮುದ್ರಿಸುತ್ತಾರೆ, ಕಾರ್ಖಾನೆಗಳನ್ನು ರಾಷ್ಟ್ರೀಕರಣ ಮಾಡುತ್ತಾರೆ ಎಂದು ಬಹಳ ಮಂದಿ ಭವಿಷ್ಯ ನುಡಿದಿದ್ದರು. ಹಾಗಾಗಲಿಲ್ಲ. ಬಿಗಿಯಾದ ಬಜೆಟ್ ಬಂತು, ಬಾಕಿ ಉಳಿದಿದ್ದ ಪಿಂಚಣಿ ಕೈಸೇರತೊಡಗಿತು. ರೂಬಲ್ ಕುಸಿದು ಆಮದು ದುಬಾರಿಯಾದದ್ದರಿಂದ ದೇಶದ ಕಾರ್ಖಾನೆಗಳಿಗೆ ಜೀವ ಬಂತು. ಇದರ ಶ್ರೇಯವೆಲ್ಲ ಅವರದಲ್ಲ. ಕೈಹಾಕಿ ಕೆಡಿಸದೆ ಇದ್ದದ್ದೂ ಆಡಳಿತವೇ ಅಲ್ಲವೇ?

ಇನ್ನು ಆ ವಿಮಾನ. 1999ರ ಮಾರ್ಚ್‌ನಲ್ಲಿ ಸಾಲದ ಮಾತುಕತೆಗೆಂದು ವಾಷಿಂಗ್ಟನ್ನಿಗೆ ಹೊರಟಿದ್ದರು. ಯುಗೊಸ್ಲಾವಿಯದ ಮೇಲೆ ನ್ಯಾಟೊ ಬಾಂಬ್ ದಾಳಿ ಖಚಿತ ಎಂದು ಅಮೆರಿಕದ ಉಪಾಧ್ಯಕ್ಷ ಆಲ್ ಗೋರ್ ದೂರವಾಣಿಯಲ್ಲಿ ತಿಳಿಸಿದಾಗ ಪ್ರಿಮಾಕೋವ್ ಮಾಸ್ಕೋಗೆ ಮರಳಲು ಹೇಳಿದರು. ಮರುದಿನ ದಾಳಿ ಶುರುವಾಯಿತು. ಬಾಂಬು ನಿಲ್ಲಲಿಲ್ಲ. ಜುಲೈನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ರಷ್ಯಾಕ್ಕೆ 450 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ್ದರಿಂದ, ತಿರುಗಿ ಬಂದದ್ದಕ್ಕೆ ರಷ್ಯಾ ದೊಡ್ಡ ಬೆಲೆಯನ್ನೇನೂ ತೆರಲಿಲ್ಲ. ಬೆಲೆ ತೆತ್ತವರು ಪ್ರಿಮಾಕೋವ್. ರಾತ್ರೋರಾತ್ರಿ ಅವರು ಜನನಾಯಕರಾದರು, ಕಾಯಿಲೆಬಿದ್ದ ಯೆಲ್ಟ್‌ಸಿನ್‌ಗೆ ಅದು ಸಹಿಸಲಿಲ್ಲ. ಆರ್ಥಿಕ ಅಪರಾಧಿಗಳಿಗಾಗಿ ಜೈಲಿನಲ್ಲಿ ಜಾಗ ಖಾಲಿಯಾಗುತ್ತಿದೆ ಎಂದು ಹಿಂದೆಯೇ ಆಡಿದ್ದ ಮಾತಿನಿಂದ ಕ್ರೆಮ್ಲಿನ್ ಸುತ್ತಲಿನ ಧನಿಕರೂ ಬೆಚ್ಚಿದ್ದರು.

ಮೇ ತಿಂಗಳ ಮೊದಲ ವಾರ ಟಿವಿ ಕ್ಯಾಮೆರಾಗಳ ಮುಂದೆ ನಡೆದ ಸಭೆಯೊಂದರಲ್ಲಿ ಯೆಲ್ಟ್‌ಸಿನ್ ಮಾತು ನಿಲ್ಲಿಸಿ, ಸುತ್ತ ದಿಟ್ಟಿಸಿ, "ಸರಿಯಾಗಿ ಕುಳಿತಿಲ್ಲ" ಎಂದರು. ಆಗಷ್ಟೇ ಮೊದಲ ಉಪಪ್ರಧಾನಿಯಾಗಿದ್ದ ಸ್ತೆಪಾಶಿನ್ ಎದ್ದು ಅವರ ಹತ್ತಿರದ ಕುರ್ಚಿಗೆ ಬಂದು ಕೂತರು. ಇಡೀ ದೇಶಕ್ಕೆ ಅರ್ಥವಾಯಿತು. ಮೇ 12ರಂದು ಪ್ರಿಮಾಕೋವ್ ವಜಾ, ಸ್ತೆಪಾಶಿನ್ ಪ್ರಧಾನಿ.

ಹೊರಬಿದ್ದ ಮೇಲೆ ಮಾಸ್ಕೋ ಮೇಯರ್ ಲುಷ್ಕೋವ್ ಜೊತೆ ಸೇರಿ ಡ್ಯೂಮಾ ಚುನಾವಣೆಗೆ ಇಳಿದರು. ಕ್ರೆಮ್ಲಿನ್ ಆಪ್ತ ಧನಿಕ ಬೆರೆಜೋವ್‌ಸ್ಕಿ ಹಿಡಿತದಲ್ಲಿದ್ದ ವಾಹಿನಿ, ಪ್ರಿಮಾಕೋವ್ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆಂದು ಅಂಥ ಶಸ್ತ್ರಚಿಕಿತ್ಸೆಯ ರಕ್ತಸಿಕ್ತ ದೃಶ್ಯಗಳನ್ನೇ ತೋರಿಸಿತು. ಈ ಮುದುಕ ದೇಶ ಆಳಬಲ್ಲನೇ ಎಂಬುದು ಧ್ವನಿ. ರೇಗಿದ ಪ್ರಿಮಾಕೋವ್ ಅದೇ ರಾತ್ರಿ ಬೇರೊಂದು ವಾಹಿನಿಯ ನೇರಪ್ರಸಾರಕ್ಕೆ ಕರೆ ಮಾಡಿ, ತಾನು ಚೆನ್ನಾಗಿದ್ದೇನೆ ಎಂದು ಸಮಜಾಯಿಷಿ ಕೊಟ್ಟರು. ಚುನಾವಣಾ ಪ್ರಚಾರದಲ್ಲಿ ಸಮಜಾಯಿಷಿ ಕೊಡಲು ಕೂತವನ ಅರ್ಧ ಆಟ ಅಲ್ಲಿಗೇ ಮುಗಿದಂತೆ. ಡಿಸೆಂಬರ್ ಫಲಿತಾಂಶದಲ್ಲಿ ಅವರ ಕೂಟಕ್ಕೆ ಶೇ 13ರಷ್ಟು ಮತ ಬಂದರೆ, ಕ್ರೆಮ್ಲಿನ್ ಬೆಂಬಲದ ಹೊಸ ಪಕ್ಷಕ್ಕೆ ಶೇ 23. ಡಿಸೆಂಬರ್ 31ರಂದು ಯೆಲ್ಟ್‌ಸಿನ್ ರಾಜೀನಾಮೆ ಕೊಟ್ಟು ಪುಟಿನ್ ಅವರನ್ನು ಕೂರಿಸಿದರು. ಫೆಬ್ರುವರಿಯಲ್ಲಿ ಪ್ರಿಮಾಕೋವ್ ಅಧ್ಯಕ್ಷ ಚುನಾವಣೆಗೆ ಸ್ಪರ್ಧಿಸುವುದಿಲ್ಲ ಎಂದರು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ತೆರೆಮರೆಯ ಸಂಧಾನದಲ್ಲಿ ಪಳಗಿದ ಅವರಿಗೆ ಟಿವಿ ಯುಗದ ಬೀದಿಜಗಳ ಒಗ್ಗಲಿಲ್ಲ.

ಅಧ್ಯಕ್ಷರಾದ ಪುಟಿನ್, ಪ್ರಿಮಾಕೋವ್ ಅವರನ್ನು ಮೂಲೆಗುಂಪು ಮಾಡಲಿಲ್ಲ. ಹತ್ತು ವರ್ಷ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯ ಅಧ್ಯಕ್ಷರಾಗಿದ್ದರು. 2003ರ ಫೆಬ್ರುವರಿಯಲ್ಲಿ, ಅಧಿಕಾರ ಬಿಡಿ ಎಂದು ಸದ್ದಾಂಗೆ ಹೇಳಲು ಮತ್ತೆ ಬಾಗ್ದಾದಿಗೆ ಹೋಗಿ ಬರಿಗೈಯಲ್ಲಿ ಬಂದರು. ತೀರಿಕೊಂಡದ್ದು 2015ರ ಜೂನ್‌ನಲ್ಲಿ.

ನಮ್ಮಲ್ಲಿ ಅವರ ಹೆಸರು ಹೆಚ್ಚಾಗಿ ಬರುವುದು 1998ರ ಡಿಸೆಂಬರ್‌ನ ದೆಹಲಿ ಭೇಟಿಯಿಂದ. ರಷ್ಯಾ, ಭಾರತ, ಚೀನಾ ಒಂದು ತ್ರಿಕೋನವಾಗಬೇಕು ಎಂದು ಅವರು ಹೇಳಿದಾಗ ದೆಹಲಿಯಲ್ಲಾಗಲಿ ಬೀಜಿಂಗ್‌ನಲ್ಲಾಗಲಿ ಯಾರೂ ಉತ್ಸಾಹ ತೋರಲಿಲ್ಲ. ಮೂರೂ ವಿದೇಶಾಂಗ ಸಚಿವರು 2005ರಲ್ಲಿ ವ್ಲಾದಿವೊಸ್ಟೋಕ್‌ನಲ್ಲಿ ಸೇರಿದರು. ಅವರದು ದೂರದೃಷ್ಟಿ ಎಂದು ಹೊಗಳುವವರಿದ್ದಾರೆ. ಆದರೆ ತ್ರಿಕೋನದ ಎರಡು ಮೂಲೆಗಳ ನಡುವೆ ಹಿಮಾಲಯದ ಗಡಿ ತಕರಾರು ಇರುವವರೆಗೆ ಅದು ಒಟ್ಟಿಗೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಮುಂದೆ ಹೋಗುವುದು ಕಷ್ಟ ಎಂದೇ ನನಗೆ ಕಾಣುತ್ತದೆ.