ಆಲಿಮರ ಮನಸ್ಸಿನಲ್ಲಿ ಏನಿದೆ ಎಂದು ನಾವು ತೀರ್ಮಾನಿಸಬಹುದೇ?

ಪ್ರಶ್ನೆ: ಅಸ್ಸಲಾಮು ಅಲೈಕುಮ್ ಉಸ್ತಾದ್. ಒಬ್ಬ ವಿದ್ವಾಂಸರ ಪ್ರವಚನಗಳನ್ನು ಹಲವು ವರ್ಷಗಳಿಂದ ಕೇಳುತ್ತಿದ್ದೇನೆ. ನಮಾಝ್ ಬಿಟ್ಟಿದ್ದ ನಾನು ಅವರ ಮಾತು ಕೇಳಿಯೇ ಮತ್ತೆ ಶುರು ಮಾಡಿದೆ. ಈಗ ಇನ್ನೊಬ್ಬ ವಿದ್ವಾಂಸರು ಒಂದು ವಿಡಿಯೊದಲ್ಲಿ, "ಆತ ಮಾತಾಡುವುದೆಲ್ಲ ಹೆಸರಿಗಾಗಿ, ಅಧಿಕಾರದಲ್ಲಿರುವವರನ್ನು ಮೆಚ್ಚಿಸಲಿಕ್ಕೆ" ಎಂದಿದ್ದಾರೆ. ನನ್ನ ತಮ್ಮ ಅದನ್ನು ನಂಬಿಬಿಟ್ಟಿದ್ದಾನೆ. ಮನೆಯಲ್ಲಿ ದಿನಾ ಇದೇ ಜಗಳ. ಒಬ್ಬ ಆಲಿಮರಿಗೆ (ಧಾರ್ಮಿಕ ವಿದ್ವಾಂಸರಿಗೆ) ಇಖ್ಲಾಸ್, ಅಂದರೆ ಅಲ್ಲಾಹನಿಗಾಗಿ ಮಾತ್ರ ಎಂಬ ಶುದ್ಧ ಉದ್ದೇಶ, ಇದೆಯೋ ಇಲ್ಲವೋ ಎಂದು ಗುರುತಿಸುವುದು ಹೇಗೆ? ಇಲ್ಲ ಅಂತಾದರೆ ನಾನು ಅವರಿಂದ ಕಲಿತದ್ದೆಲ್ಲ ವ್ಯರ್ಥವೇ?

ಉತ್ತರ: ವ ಅಲೈಕುಮುಸ್ಸಲಾಮ್. ಇಖ್ಲಾಸ್ ಗುರುತಿಸುವ ದಾರಿ ನಿಮಗೂ ಇಲ್ಲ, ನಿಮ್ಮ ತಮ್ಮನಿಗೂ ಇಲ್ಲ, ವಿಡಿಯೊ ಮಾಡಿದ ಆ ವಿದ್ವಾಂಸರಿಗೂ ಇಲ್ಲ. ಆದರೆ ಯಾರಿಂದ ದೀನ್ (ಧರ್ಮ) ಕಲಿಯಬೇಕು, ಯಾರಿಂದ ಬೇಡ ಎಂದು ತೀರ್ಮಾನಿಸುವ ಹಕ್ಕು ನಿಮಗಿದೆ. ಹಕ್ಕೇನು ಬಂತು, ಅದು ನಿಮ್ಮ ಜವಾಬ್ದಾರಿ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಎರಡನ್ನೂ ಕಲಸಿಕೊಂಡಿದ್ದಕ್ಕೇ ನಿಮ್ಮ ಮನೆಯಲ್ಲಿ ಜಗಳ ಮುಗಿಯುತ್ತಿಲ್ಲ.

ಪ್ರವಾದಿಯವರ ಸಂಗಾತಿ ಉಸಾಮಾ ಬಿನ್ ಝೈದ್(ರ) ಅವರ ಪ್ರಸಂಗ ನೀವು ಕೇಳಿರಬಹುದು. ಯುದ್ಧದಲ್ಲಿ ಎದುರಾಳಿಯೊಬ್ಬ ಇನ್ನೇನು ಕೈಗೆ ಸಿಕ್ಕಿಬಿದ್ದ ಅನ್ನುವಾಗ 'ಲಾ ಇಲಾಹ ಇಲ್ಲಲ್ಲಾಹ್' (ಅಲ್ಲಾಹನ ಹೊರತು ಬೇರೆ ಆರಾಧ್ಯರಿಲ್ಲ) ಎಂದ. ಉಸಾಮಾ ಬಿಡಲಿಲ್ಲ, ಕೊಂದರು. ಆಯುಧಕ್ಕೆ ಹೆದರಿ ಹಾಗೆ ಹೇಳಿದ ಎಂದು ಅವರು ಸಮಜಾಯಿಷಿ ಕೊಟ್ಟಾಗ ಪ್ರವಾದಿ(ಸ) ಕೇಳಿದ್ದು ಒಂದೇ ಪ್ರಶ್ನೆ: ನೀನು ಅವನ ಎದೆ ಸೀಳಿ ನೋಡಿದೆಯಾ? ಗಮನಿಸಿ, ಉಸಾಮಾ ಅವರ ಅನುಮಾನಕ್ಕೆ ಕಾರಣವಿತ್ತು. ಕತ್ತಿ ತಲೆಯ ಮೇಲಿದ್ದಾಗ ಆಡಿದ ಮಾತು ಅದು. ಅಂಥ ಸಂದರ್ಭದಲ್ಲೂ ಒಳಗಿನದ್ದನ್ನು ಊಹಿಸಿ ತೀರ್ಪು ಕೊಡುವುದನ್ನು ಪ್ರವಾದಿಯವರು ಒಪ್ಪಲಿಲ್ಲ. ಮುಂದೆ ಖಲೀಫ ಉಮರ್(ರ) ಕೂಡ ತಮ್ಮ ಕಾಲದಲ್ಲಿ ಇದನ್ನೇ ಬಿಡಿಸಿ ಹೇಳಿದರು: ವಹೀ (ಪ್ರವಾದಿಗೆ ಬರುತ್ತಿದ್ದ ದೇವವಾಣಿ) ನಿಂತುಹೋಗಿದೆ, ಇನ್ನು ನಿಮ್ಮ ಹೊರಗೆ ಕಾಣುವ ಕೆಲಸದ ಮೇಲೆ ನಾವು ನಡೆದುಕೊಳ್ಳುತ್ತೇವೆ, ಒಳಗಿನ ಲೆಕ್ಕ ಅಲ್ಲಾಹನದ್ದು ಎಂದು.

ಇಮಾಂ ಮುಸ್ಲಿಮ್ ಸಂಗ್ರಹಿಸಿದ ಸಹೀಹ್ ಮುಸ್ಲಿಮ್ ಗ್ರಂಥದಲ್ಲಿ ಮೈ ನಡುಗಿಸುವ ಇನ್ನೊಂದು ಹದೀಸ್ (ಪ್ರವಾದಿಯವರ ನುಡಿಯ ವರದಿ) ಇದೆ. ಕಿಯಾಮತ್ ದಿನ (ಅಂತಿಮ ತೀರ್ಪಿನ ದಿನ) ಎಲ್ಲರಿಗಿಂತ ಮೊದಲು ವಿಚಾರಣೆಗೆ ಬರುವವರಲ್ಲಿ ಒಬ್ಬ ಆಲಿಂ ಇರುತ್ತಾನೆ. ನಿನಗಾಗಿ ಕಲಿತೆ, ಕಲಿಸಿದೆ, ಕುರ್‌ಆನ್ ಓದಿದೆ ಅನ್ನುತ್ತಾನೆ. ಸುಳ್ಳು, ಜನ ನಿನ್ನನ್ನು ಆಲಿಂ ಅನ್ನಲಿ ಎಂದು ಕಲಿತೆ, ಜನ ಹಾಗೇ ಅಂದರು ಎಂಬ ಉತ್ತರ ಬರುತ್ತದೆ. ನಂತರ ನರಕ. ಈ ಹದೀಸನ್ನು ಬೇರೆಯವರ ಕಡೆ ಬೆರಳು ತೋರಿಸಲು ಬಳಸುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಾಕೆಂದರೆ ಆ ಮನುಷ್ಯನ ಒಳಗುಟ್ಟು ಬದುಕಿರುವ ತನಕ ಯಾರಿಗೂ ಗೊತ್ತಾಗಲಿಲ್ಲ, ಜನ ಅವನನ್ನು ಆಲಿಂ ಅಂತಲೇ ಕರೆದರು, ಗುಟ್ಟು ಬಿಚ್ಚಿದ್ದು ಅಲ್ಲಾಹನೇ.

ಬೇರೆಯವರ ನಿಯ್ಯತ್ (ಉದ್ದೇಶ) ಬಿಡಿ, ನಮ್ಮದೇ ನಿಯ್ಯತ್ ನಮಗೆ ಪೂರ್ತಿ ಕಾಣುವುದಿಲ್ಲ. ಇಮಾಂ ಗಝಾಲಿ ಬಗ್ದಾದಿನ ನಿಝಾಮಿಯ್ಯಾ ಮದ್ರಸದಲ್ಲಿ ಆ ಕಾಲದ ದೊಡ್ಡ ಗುರು. ನಾನು ಪಾಠ ಮಾಡುತ್ತಿರುವುದು ಯಾರಿಗಾಗಿ ಎಂದು ತಮ್ಮನ್ನೇ ಕೇಳಿಕೊಂಡಾಗ, ಅದು ಅಲ್ಲಾಹನಿಗಾಗಿ ಮಾತ್ರ ಅಲ್ಲ, ಹೆಸರಿನ ಆಸೆಯೂ ಇದೆ ಎಂದು ಅವರಿಗೇ ಅನ್ನಿಸಿತು. ತಿಂಗಳುಗಟ್ಟಲೆ ಒದ್ದಾಡಿದರು, ಪಾಠ ಹೇಳಲು ನಾಲಿಗೆಯೇ ಏಳದ ಸ್ಥಿತಿಗೆ ಬಂದರು, ಕೊನೆಗೆ 1095ರಲ್ಲಿ ಹುದ್ದೆ ಬಿಟ್ಟು ಹೊರಟರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಸ್ವಂತ ಮನಸ್ಸನ್ನು ಓದಲು ಗಝಾಲಿಗೇ ಅಷ್ಟು ಕಷ್ಟವಾಗಿದ್ದರೆ, ಎರಡು ನಿಮಿಷದ ವಿಡಿಯೊ ನೋಡಿ ಇನ್ನೊಬ್ಬರ ಮನಸ್ಸನ್ನು ನಾವು ಓದಿಬಿಡುತ್ತೇವಾ?

'ಅಧಿಕಾರಸ್ಥರನ್ನು ಮೆಚ್ಚಿಸುವವರು' ಎಂಬ ಆರೋಪದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಇದು ತುಂಬ ಹಳೆಯ ಅಳತೆಗೋಲು. ಅದರಲ್ಲಿ ಸತ್ಯಾಂಶವೂ ಇದೆ. ಇಮಾಂ ಅಬೂ ಹನೀಫಾ ಖಲೀಫ ಮನ್ಸೂರ್ ಕೊಡಲು ಬಂದ ಖಾಝಿ (ನ್ಯಾಯಾಧೀಶ) ಹುದ್ದೆ ಬೇಡ ಅಂದರು, ಸೆರೆಮನೆಗೂ ಹೋದರು. ಅಹ್ಮದ್ ಬಿನ್ ಹಂಬಲ್ ಕುರ್‌ಆನಿನ ವಿಷಯದಲ್ಲಿ ಖಲೀಫರ ಒತ್ತಡಕ್ಕೆ ಬಗ್ಗದೆ ಛಡಿಯೇಟು ತಿಂದರು. ಇವರನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಆದರೆ ಅದೇ ಅಬೂ ಹನೀಫಾರ ಅಚ್ಚುಮೆಚ್ಚಿನ ಶಿಷ್ಯ ಅಬೂ ಯೂಸುಫ್ ಏನು ಮಾಡಿದರು? ಹಾರೂನ್ ರಶೀದ್ ಕಾಲದಲ್ಲಿ ಮುಖ್ಯ ಖಾಝಿ ಆದರು. ಗುರು ಬೇಡ ಅಂದದ್ದನ್ನು ಶಿಷ್ಯ ಒಪ್ಪಿಕೊಂಡರು. ಹಾಗಂತ ಹನಫಿ ಮಝ್‌ಹಬ್ (ಅಬೂ ಹನೀಫಾರ ಕಾನೂನು ಪಂಥ) ಅವರನ್ನು ಕೈಬಿಟ್ಟಿತೇ? ಇಲ್ಲ. ಖಲೀಫನಿಗೆ ತೆರಿಗೆಯ ಬಗ್ಗೆ ಬರೆದುಕೊಟ್ಟ ಗ್ರಂಥದಲ್ಲಿ, ಪ್ರಜೆಗಳ ವಿಷಯದಲ್ಲಿ ನೀನು ಅಲ್ಲಾಹನಿಗೆ ಉತ್ತರ ಕೊಡಬೇಕಾಗುತ್ತದೆ ಎಂದು ಅವರು ನೇರವಾಗಿ ಎಚ್ಚರಿಸಿದ್ದಾರೆ. ಹುದ್ದೆ ಬಿಟ್ಟವರೆಲ್ಲ ಪ್ರಾಮಾಣಿಕರು, ಹುದ್ದೆ ಹಿಡಿದವರೆಲ್ಲ ಮಾರಿಕೊಂಡವರು ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ಅಧಿಕಾರದ ಹತ್ತಿರ ಇರುವವರು ಏನು ಹೇಳುತ್ತಾರೆ, ಏನನ್ನು ಹೇಳದೆ ನುಂಗುತ್ತಾರೆ ಅನ್ನುವುದನ್ನು ಮಾತ್ರ ನೋಡಬೇಕು.

ಹಾಗಾದರೆ ಕಣ್ಣು ಮುಚ್ಚಿ ಎಲ್ಲರನ್ನೂ ನಂಬಬೇಕಾ ಎಂದು ನಿಮ್ಮ ತಮ್ಮ ಕೇಳಬಹುದು. ಖಂಡಿತ ಬೇಡ. 'ಈ ಇಲ್ಮ್ (ಜ್ಞಾನ) ಎಂದರೆ ದೀನ್, ನಿಮ್ಮ ದೀನನ್ನು ಯಾರಿಂದ ಪಡೆಯುತ್ತೀರಿ ನೋಡಿಕೊಳ್ಳಿ' ಎಂದವರು ಆರಂಭ ಕಾಲದ ವಿದ್ವಾಂಸ ಇಬ್ನ್ ಸೀರೀನ್. ಹದೀಸ್ ವಿದ್ವಾಂಸರು ಈ ಮಾತಿನ ಮೇಲೆ ಒಂದು ಇಡೀ ಶಾಸ್ತ್ರವನ್ನೇ ಕಟ್ಟಿದರು. ಹದೀಸ್ ತಲುಪಿಸಿದ ಸಾವಿರಾರು ಜನರನ್ನು ಒಬ್ಬೊಬ್ಬರಾಗಿ ಪರಿಶೀಲಿಸಿದರು. ಅವರು ನೋಡಿದ್ದು ಮುಖ್ಯವಾಗಿ ಎರಡನ್ನು: ನಡತೆ ನೆಟ್ಟಗಿದೆಯಾ, ಕೇಳಿದ್ದನ್ನು ಹಾಗೇ ತಪ್ಪಿಲ್ಲದೆ ಒಪ್ಪಿಸುತ್ತಾನಾ. ಇಷ್ಟಕ್ಕೂ ಭಕ್ತಿ ಒಂದೇ ಸಾಕಾಗುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರಲ್ಲೊಬ್ಬರಾದ ಯಹ್ಯಾ ಅಲ್ ಕತ್ತಾನ್ ಅಂತೂ, ಸಜ್ಜನರು ಹದೀಸಿನ ವಿಷಯದಲ್ಲಿ ಸುಳ್ಳು ಹೇಳುವಷ್ಟು ಬೇರೆ ಯಾವುದರಲ್ಲೂ ಹೇಳುವುದಿಲ್ಲ ಎಂದುಬಿಟ್ಟರು. ಬೇಕಂತಲೇ ಅಲ್ಲ, ಗೊತ್ತಿಲ್ಲದೆ ನಾಲಿಗೆಯ ಮೇಲೆ ಸುಳ್ಳು ಬಂದುಬಿಡುತ್ತದೆ ಎಂದು ಇಮಾಂ ಮುಸ್ಲಿಮ್ ಅದನ್ನು ವಿವರಿಸಿದ್ದಾರೆ. ಅಂದರೆ ಇಖ್ಲಾಸ್ ನೂರಕ್ಕೆ ನೂರು ಇದ್ದವರೂ ತಪ್ಪು ಕಲಿಸಬಹುದು. ನಿಮ್ಮ ವಿದ್ವಾಂಸರ ಮನಸ್ಸು ಶುದ್ಧ ಎಂದು ನಾಳೆ ಸಾಬೀತಾದರೂ, ಅವರು ಹೇಳಿದ್ದು ಸರಿಯೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ನೀವು ನೋಡಬೇಕಾದದ್ದು ಕಣ್ಣಿಗೆ ಕಾಣುವುದನ್ನು. ಅವರು ಯಾರ ಬಳಿ ಕಲಿತರು? ಬೇರೆ ಆಲಿಮರು ಅವರ ಇಲ್ಮನ್ನು ಒಪ್ಪುತ್ತಾರಾ? ತಪ್ಪು ತೋರಿಸಿದಾಗ ತಿದ್ದಿಕೊಂಡದ್ದುಂಟಾ? 'ಗೊತ್ತಿಲ್ಲ' ಎಂಬ ಮಾತು ಅವರ ಬಾಯಲ್ಲಿ ಬರುತ್ತದಾ? ಇಮಾಂ ಮಾಲಿಕ್‌ಗೆ ಒಮ್ಮೆ 48 ಪ್ರಶ್ನೆ ಕೇಳಿದಾಗ 32ಕ್ಕೆ ಗೊತ್ತಿಲ್ಲ ಎಂದರು ಎಂಬ ವರದಿ ಪ್ರಸಿದ್ಧ. ಪ್ರಶ್ನೋತ್ತರದ ವಿಡಿಯೊ ಇದ್ದರೆ ಒಂದು ವಿಷಯ ಗಮನಿಸಿ ನೋಡಿ. ಒಬ್ಬ ಎದ್ದುನಿಂತು, ಸಿಟ್ಟಿನಲ್ಲಿ ಹೆಂಡತಿಗೆ ತಲಾಕ್ ಅಂದುಬಿಟ್ಟೆ, ಏನಾಯಿತು ಎಂದು ಕೇಳುತ್ತಾನೆ. ಕೆಲವರು ಸಭೆಯ ಮುಂದೆಯೇ ಒಂದು ವಾಕ್ಯದಲ್ಲಿ ಸಂಸಾರ ಮುಗಿಸಿಬಿಡುತ್ತಾರೆ. ಕೆಲವರು ಅವನನ್ನು ತಡೆದು, ಸರಿಯಾಗಿ ಯಾವ ಮಾತು ಆಡಿದೆ, ಎಷ್ಟು ಸಲ, ಆಗ ಹೋಶ್ ಇತ್ತಾ, ಮೊದಲು ಯಾವಾಗಲಾದರೂ ಹೀಗಾಗಿತ್ತಾ ಎಂದು ವಿಚಾರಿಸುತ್ತಾರೆ, ಇದು ಇಲ್ಲಿ ಹೇಳುವ ವಿಷಯ ಅಲ್ಲ, ಆಕೆಯ ಮಾತೂ ಕೇಳಬೇಕು, ಇಬ್ಬರೂ ಬನ್ನಿ ಎನ್ನುತ್ತಾರೆ. ಎರಡನೆಯವರ ಎದೆಯಲ್ಲಿ ಏನಿದೆ ಎಂದು ನನಗೆ ಈಗಲೂ ಗೊತ್ತಿಲ್ಲ. ಆದರೆ ನಾನಾದರೆ ಅವರ ಬಳಿಗೇ ಹೋಗುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಒಳ್ಳೆಯದನ್ನೇ ಭಾವಿಸಿ ಅನ್ನುವುದನ್ನು ಹಿಡಿದುಕೊಂಡು ಝಕಾತ್ ದುಡ್ಡಿನ ಲೆಕ್ಕ ಕೇಳಬೇಡಿ, ಮಕ್ಕಳ ಮೇಲೆ ಕೈ ಮಾಡಿದ್ದನ್ನು ಹೊರಗೆ ಹೇಳಬೇಡಿ ಎನ್ನುವವರಿದ್ದಾರೆ. ಇದು ಶುದ್ಧ ಅನ್ಯಾಯ. ಇಬ್ನುಲ್ ಲುತ್‌ಬಿಯ್ಯಾ ಎಂಬವರು ಝಕಾತ್ ವಸೂಲಿ ಮಾಡಿ ಬಂದು, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದಾಗ, ಅಪ್ಪ ಅಮ್ಮನ ಮನೆಯಲ್ಲಿ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತಾ ಎಂದು ಪ್ರವಾದಿ(ಸ) ಕೇಳಿದರು. ಲೆಕ್ಕ ಕೇಳುವುದು ಸುನ್ನತ್ತೇ. ದೌರ್ಜನ್ಯ ನಡೆದಿದ್ದರೆ ಪೊಲೀಸರಿಗೆ ದೂರು ಕೊಡುವುದು ನಿಷಿದ್ಧ ಗೀಬತ್ (ಬೆನ್ನ ಹಿಂದೆ ಆಡಿಕೊಳ್ಳುವುದು) ಅಲ್ಲ. ಅನ್ಯಾಯದ ದೂರು, ಜನರಿಗೆ ಎಚ್ಚರಿಕೆ ಇವೆಲ್ಲ ನಿಷಿದ್ಧ ಗೀಬತ್ತಿಗೆ ಸೇರುವುದಿಲ್ಲ ಎಂದು ಇಮಾಂ ನವವಿ ಸ್ಪಷ್ಟವಾಗಿ ಪಟ್ಟಿ ಮಾಡಿದ್ದಾರೆ. ಆದರೆ ಅದಕ್ಕೆ ನಡೆದ ಘಟನೆ ಬೇಕು, ಸಾಕ್ಷ್ಯ ಬೇಕು. 'ಹೆಸರಿಗಾಗಿ ಮಾತಾಡುತ್ತಾರೆ' ಅನ್ನುವುದು ಘಟನೆಯಲ್ಲ, ಊಹೆ.

ಇನ್ನು ನೀವು ಕಲಿತದ್ದು. ಪ್ರವಾದಿಯವರ ಸಂಗಾತಿ ಅಬೂ ಹುರೈರಾ(ರ) ಝಕಾತ್ ಧಾನ್ಯ ಕಾಯುತ್ತಿದ್ದಾಗ ಕಳ್ಳನೊಬ್ಬ ಸಿಕ್ಕಿಬಿದ್ದ. ಬಿಟ್ಟುಬಿಡು, ಮಲಗುವಾಗ ಆಯತುಲ್ ಕುರ್ಸಿ (ಕುರ್‌ಆನಿನ ಒಂದು ವಚನ) ಓದಿದರೆ ರಕ್ಷಣೆ ಸಿಗುತ್ತದೆ ಎಂದು ಹೇಳಿಕೊಟ್ಟ. ಅವನು ಶೈತಾನನಾಗಿದ್ದ. ಪ್ರವಾದಿ(ಸ) ಏನಂದರು? ಅವನು ಸುಳ್ಳುಗಾರನೇ, ಆದರೆ ನಿನಗೆ ಹೇಳಿದ್ದು ಸತ್ಯ. ನಿಮ್ಮ ವಿದ್ವಾಂಸರನ್ನು ನಾನು ಅವನ ಜೊತೆ ಹೋಲಿಸುತ್ತಿಲ್ಲ, ಅಲ್ಲಾಹು ಅವರನ್ನು ಕಾಪಾಡಲಿ. ನಿಮ್ಮ ನಮಾಝ್ ಅವರ ನಿಯ್ಯತ್ತಿನ ಮೇಲೆ ನಿಂತಿಲ್ಲ ಎಂದು ಹೇಳುತ್ತಿದ್ದೇನೆ, ಅಷ್ಟೇ. ಅದು ನಿಮ್ಮದು, ಧೈರ್ಯವಾಗಿ ಮುಂದುವರಿಸಿ.

ಈಗ ತಮ್ಮನ ಜೊತೆ ಕೂತು ಆ ವಿಡಿಯೊವನ್ನು ಪೂರ್ತಿ ನೋಡಿ. ಮೂಲ ಪ್ರವಚನವನ್ನೂ ಪೂರ್ತಿ ನೋಡಿ, ತುಣುಕು ಬೇಡ. ಮನಸ್ಸಿನ ಬಗ್ಗೆ ಹೇಳಿದ್ದನ್ನೆಲ್ಲ ಪಕ್ಕಕ್ಕಿಟ್ಟು, 'ಈ ಫತ್ವಾ ತಪ್ಪು, ಇಂಥ ಕಾರಣಕ್ಕೆ' ಎಂದು ಏನಾದರೂ ಹೇಳಿದ್ದರೆ ಅದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇಬ್ಬರ ಪೈಕಿ ಯಾರ ಗುಂಪಿಗೂ ಸೇರದ ಮೂರನೆಯ ಆಲಿಮರೊಬ್ಬರಿಗೆ ಅದನ್ನು ತೋರಿಸಿ, ಹೆಸರು ಹೇಳದೆ ಕೇಳಿ.