ಪಾಯ್ಸನ್ ತಗೊಳ್ಳಲಾ, ಏಂಜಲ್ ತಗೊಳ್ಳಲಾ?

ಬೆಂಗಳೂರಿನಲ್ಲಿ ಕೆಲಸ, ಬೇಸಿಗೆಯಲ್ಲಿ ತಂಗಿಯ ಮದುವೆ, ಜನ ತಿರುಗಿ ನೋಡುವಂಥ ಸೆಂಟ್ ಬೇಕು ಅಂತ ಬರೆದಿದ್ದೀರಿ. ಡಿಯೋರ್‌ನ ಪಾಯ್ಸನ್ನಾ, ಮುಗ್ಲರ್‌ನ ಏಂಜಲ್ಲಾ ಅನ್ನುವುದು ನಿಮ್ಮ ಪ್ರಶ್ನೆ. ನನ್ನ ಓಟು ಪಾಯ್ಸನ್‌ಗೆ.

ಎರಡೂ ಜೋರಿನವೇ. ಪಾಯ್ಸನ್ 1985ರಲ್ಲಿ ಬಂತು. ಆಗ ಅಮೆರಿಕದ ಕೆಲವು ರೆಸ್ಟೋರೆಂಟ್‌ಗಳು ಇದನ್ನು ಹಾಕಿಕೊಂಡವರು ಬರುವುದೇ ಬೇಡ ಅಂದಿದ್ದವು! ಅದರಲ್ಲಿರುವುದು ಸುಗಂಧರಾಜ, ಪ್ಲಮ್ ಹಣ್ಣು, ಕೊತ್ತಂಬರಿ ಬೀಜ, ಜೇನು, ಧೂಪದ ಘಮ. ಏಂಜಲ್ 1992ರದ್ದು, ಸೆಂಟ್ ತಯಾರಕ ಒಲಿವಿಯೇ ಕ್ರೆಸ್ಪ್ ಮಾಡಿದ್ದು. ಅದಕ್ಕೆ ಈಥೈಲ್ ಮಾಲ್ಟಾಲ್ ಅನ್ನುವ, ಸಕ್ಕರೆ ಪಾಕದಂಥ ವಾಸನೆಯ ರಾಸಾಯನಿಕವನ್ನು ಧಾರಾಳವಾಗಿ ಹಾಕಿದ್ದಾರೆ. ಮೂಸಿದರೆ ಜಾತ್ರೆಯ ಬಾಂಬೆ ಮಿಠಾಯಿಯೇ. ಅದರ ಕೆಳಗೆ ಪಚೋಲಿ ಅನ್ನುವ ಎಲೆಯ ಮಣ್ಣು ಮಣ್ಣಾದ ವಾಸನೆ.

ಚಳಿಯ ಊರಿನಲ್ಲಿ ಏಂಜಲ್ ಚೆಂದ. ಆದರೆ ಬಿಸಿಲಿಗೆ ಸೆಂಟ್ ಬೇಗ ಏಳುತ್ತದೆ. ತುಂಬಿದ ಕಲ್ಯಾಣ ಮಂಟಪದಲ್ಲಿ, ಊಟದ ಹೊತ್ತಿಗೆ, ಆ ಸಿಹಿ ಪಕ್ಕದವರಿಗೆ ಸಾಕು ಸಾಕು ಅನ್ನಿಸಬಹುದು. ಪಾಯ್ಸನ್ ಕೂಡ ಜೋರೇ, ಆದರೆ ಹೂವು, ಧೂಪ ಅಲ್ಲಿ ಮೊದಲೇ ಇರುತ್ತವೆ, ಅವುಗಳ ಜೊತೆ ಹೊಂದಿಕೊಳ್ಳುತ್ತದೆ. ಒಂದು ಮಾತು ಮಾತ್ರ: ಸುಗಂಧರಾಜ ಮದುವೆಯ ಹಾರದಲ್ಲೂ ಇರುತ್ತದೆ, ಸಾವಿನ ಮನೆಯ ಹಾರದಲ್ಲೂ ಇರುತ್ತದೆ. ನಿಮಗೆ ಎರಡನೆಯದೇ ನೆನಪಾಗುವುದಾದರೆ ಪಾಯ್ಸನ್ ಬೇಡವೇ ಬೇಡ.

ಪೇಪರ್ ಪಟ್ಟಿ ಮೂಸಿ ತೀರ್ಮಾನ ಮಾಡಬೇಡಿ. ಒಂದು ಮಣಿಕಟ್ಟಿಗೆ ಇದು, ಇನ್ನೊಂದಕ್ಕೆ ಅದು ಹಾಕಿಕೊಂಡು ಅಂಗಡಿಯಿಂದ ಹೊರಗೆ ಬನ್ನಿ. ಊಟ ಮಾಡಿ, ಸುಮ್ನೆ ಸುತ್ತಾಡಿ. ಸಂಜೆಗೆ ಮೈಮೇಲೆ ಉಳಿದ ವಾಸನೆಯೇ ನಿಜವಾಗಿ ನೀವು ಕೊಳ್ಳುತ್ತಿರುವುದು. ಅಷ್ಟು ಹೊತ್ತಿಗೆ ನಿಮ್ಮ ಮೂಗು ಒಗ್ಗಿಹೋಗಿರುತ್ತದೆ, ಜೊತೆಯಲ್ಲಿರುವವರನ್ನು ಕೇಳಿ.

ಕೊಳ್ಳುವಾಗ ಡಬ್ಬದ ಮೇಲೆ ಬರೀ ಪಾಯ್ಸನ್ ಅಂತಿದೆಯಾ ನೋಡಿ, ಬಾಟಲಿ ನೇರಳೆ ಬಣ್ಣದ್ದು. ಹಿಪ್ನಾಟಿಕ್ ಪಾಯ್ಸನ್ ಕೆಂಪು ಬಾಟಲಿಯದು, ಬಾದಾಮಿ, ವೆನಿಲ್ಲಾ ವಾಸನೆಯದು, ಅದರ ದಾರಿಯೇ ಬೇರೆ. ರೇಷ್ಮೆ ಸೀರೆಯ ಮೇಲೆ ಯಾವುದನ್ನೂ ಹೊಡೆಯಬೇಡಿ, ಕಲೆ ಬಿದ್ದರೆ ಕಷ್ಟ. ಸೀರೆ ಉಡುವ ಮೊದಲೇ ಕತ್ತಿನ ಹಿಂದೆ ಒಂದು ಸಲ ಹೊಡೆದುಕೊಂಡರೆ ಸಾಕು. ಆಫೀಸ್ ಕ್ಯಾಬ್‌ಗೆ ಮಾತ್ರ ಎರಡೂ ಬೇಡ, ಎಸಿ ಹಾಕಿ ಕಿಟಕಿ ಮುಚ್ಚಿರುತ್ತಾರೆ, ಅಲ್ವಾ?